ಚಿತ್ರದ ಕೆಳಗಿನ ಅರ್ಧ

ಮೊದಲ ಮಳೆ ಬಂದು ನಿಂತಿತ್ತು. ನೆಲದ ಕಾವು ಇನ್ನೂ ಆರಿರಲಿಲ್ಲ. ಗಾಳಿಯಲ್ಲಿ ಒದ್ದೆ ಸೆಕೆ. ಮಾವಿನ ಕಸಿಗೆ ಇದಕ್ಕಿಂತ ಹದವಾದ ಹವೆ ಬೇಕೆಂದರೂ ಸಿಗುವುದಿಲ್ಲ.

ಸಸಿತೋಟದ ಹಸಿರು ಪರದೆಯ ನೆರಳಿನಲ್ಲಿ ಬೆಳಗಿನಿಂದ ಯಾರ ಕೈಗೂ ಬಿಡುವಿರಲಿಲ್ಲ. ಒಂದು ಕಡೆ ಹೆಂಗಸರು ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಇನ್ನೊಂದು ಕಡೆ ಗಿಡ್ಡ ಮಣೆಯ ಮೇಲೆ ಕುಳಿತ ಕಸಿಗಾರ, ನೆಟ್ಟ ಮಾವಿನ ಓಟೆಯಿಂದ ಮೊಳೆತು ಎದ್ದ ಎಳೆ ಸಸಿಯ ತಲೆ ತೆಗೆದು, ಕಾಂಡ ಸೀಳಿ, ಒಳ್ಳೆಯ ಮರದ ಕುಡಿಯೊಂದನ್ನು ಬೆಣೆಯಂತೆ ಕೆತ್ತಿ ಅದರೊಳಗೆ ಕೂರಿಸುತ್ತಿದ್ದ. ಗಾಯದ ಸುತ್ತ ಪ್ಲಾಸ್ಟಿಕ್ ಪಟ್ಟಿ, ಕುಡಿಯ ಮೇಲೊಂದು ತೆಳ್ಳನೆಯ ಕೊಳವೆಯ ಟೊಪ್ಪಿ. ಅಲ್ಲಿಗೆ ಒಂದು ಗಿಡ ಮುಗಿಯಿತು. ಕೈ ಇನ್ನೊಂದಕ್ಕೆ ಹೋಯಿತು.

ಹೆಗಲಿಗೆ ಬಣ್ಣದ ಕಲೆಗಳ ಚೀಲ ನೇತುಹಾಕಿಕೊಂಡು ಚಿತ್ರಗಾರ್ತಿಯೊಬ್ಬಳು ಒಳಗೆ ಬಂದದ್ದು ಆಗಲೇ.

ಸಾಲಿನಲ್ಲಿ ನಿಂತ ಟೊಪ್ಪಿ ಹಾಕಿದ ಸಸಿಗಳು ಅವಳಿಗೆ ಶಾಲೆಯ ಮಕ್ಕಳಂತೆ ಕಂಡವು. 'ಅಯ್ಯೋ, ಎಷ್ಟು ಚೆನ್ನಾಗಿವೆ!' ಪೆನ್ಸಿಲ್ ತೆಗೆದು ಒಂದರ ಮುಂದೆ ಮಂಡಿಯೂರಿದಳು. ಒಳಗೆ ಆವಿ ಕಟ್ಟಿತ್ತು, ಕುಡಿ ಸರಿಯಾಗಿ ಕಾಣಲಿಲ್ಲ. ಚಿತ್ರ ಬರೆಯುವವರಿಗೆ ಕಾಣದಿದ್ದರೆ ಕೈ ಸುಮ್ಮನಿರುತ್ತದೆಯೇ? ಟೊಪ್ಪಿಯನ್ನು ಮೆಲ್ಲಗೆ ಮೇಲಕ್ಕೆಳೆದು ತೆಗೆದೇಬಿಟ್ಟಳು.

"ಏ! ಕೈ ತೆಗೀರಿ!"

ಆ ಕೂಗಿಗೆ ಟೊಪ್ಪಿಯೂ ಪೆನ್ಸಿಲ್ಲೂ ಒಟ್ಟಿಗೆ ನೆಲಕ್ಕೆ ಬಿದ್ದವು. ಕಸಿಗಾರ ಎದ್ದು ಬಂದಿದ್ದ. ಎತ್ತರದ ಆಳು, ಒಂದು ಕೈಯಲ್ಲಿ ಇನ್ನೂ ಚಾಕು.

"ಯಾರ್ರೀ ನೀವು?"

"ನಾನು... ಗೋಡೆಗೆ ಚಿತ್ರ ಬರೆಯೋಕೆ..."

"ಗೋಡೆ ಹೊರಗಡೆ ಇದೆ!"

ಅವಳ ಕಿವಿ ಕೆಂಪಾಯಿತು. ಮಣ್ಣು ಕಲೆಸುತ್ತಿದ್ದ ಮುದುಕಿಯೊಬ್ಬಳು ಕೂತಲ್ಲಿಂದಲೇ ನಕ್ಕಳು. ಎಲ್ಲರೂ ಅವಳನ್ನು ಮಣ್ಣಜ್ಜಿ ಎನ್ನುತ್ತಿದ್ದರು.

"ಬಂದ ಗಳಿಗೆಗೇ ಒಬ್ಬನ ಟೊಪ್ಪಿ ಹಾರಿಸಿಬಿಟ್ಳಲ್ಲೋ! ಹುಡುಗಿ ಏನೂ ಕಡಿಮೆ ಇಲ್ಲ."

ಹೆಂಗಸರೆಲ್ಲ ಗೊಳ್ಳೆಂದರು. ಕಸಿಗಾರ ಮಾತ್ರ ನಗಲಿಲ್ಲ. ಬಗ್ಗಿ ಸಸಿಯನ್ನು ನೋಡಿದ.

"ಒಳಗಿನ ಹಸಿ ಹೋದ್ರೆ ಕುಡಿ ಒಣಗುತ್ತೆ. ನಿನ್ನೆ ಕಟ್ಟಿದ್ದು ಇದು."

"ಸತ್ತುಹೋಗುತ್ತಾ?" ಅವಳ ದನಿ ನಿಜಕ್ಕೂ ನಡುಗಿತ್ತು. ಅದನ್ನು ಕೇಳಿ ಅವನ ಹುಬ್ಬು ಸ್ವಲ್ಪ ಸಡಿಲವಾಯಿತು.

"ಹೋಗುತ್ತೆ ಅಂತಲೇ ಇಟ್ಕೊಳ್ಳಿ."

"ಹಾಗಾದ್ರೆ ನಿಮಗೆ ನಾನು ಒಂದು ಗಿಡ ಸಾಲ. ನೀವು ಕಲಿಸಿದ್ರೆ ನಾನೇ ಕಟ್ಟಿ ತೀರಿಸ್ತೀನಿ."

ಅವನು ಅವಳನ್ನು ಮೊದಲ ಬಾರಿ ಸರಿಯಾಗಿ ನೋಡಿದ. ಕೆನ್ನೆಯ ಮೇಲೆ ನೀಲಿ ಬಣ್ಣದ ಹನಿ ಒಣಗಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಹೇಳಲೋ ಬೇಡವೋ ಎಂದು ಯೋಚಿಸಿ, ಹೇಳದೆ ಮಣೆಗೆ ಹಿಂತಿರುಗಿದ.

* * *

ಅವಳ ಕಸುಬು ಕಣ್ಣಿಗೆ ಕಾಣದ್ದನ್ನು ಕಾಣುವಂತೆ ಬರೆಯುವುದು. ವಾರಪತ್ರಿಕೆಯವರು ಲೇಖನ ಕಳಿಸುತ್ತಿದ್ದರು. ಅವಳು ಅದರ ತಿರುಳನ್ನು ಚಿತ್ರವಾಗಿಸಿ ಕೊಡುತ್ತಿದ್ದಳು. ಒಂಟಿತನದ ಬಗ್ಗೆ ಲೇಖನವೆಂದರೆ ಅಳುವ ಮುಖ ಬರೆಯುತ್ತಿರಲಿಲ್ಲ. ಒಂದೇ ಒಂದು ಕುರ್ಚಿಯ ಎದುರು ಮಾತ್ರ ಬಣ್ಣ ಸವೆದ ಊಟದ ಮೇಜನ್ನು ಬರೆಯುತ್ತಿದ್ದಳು. ಅದರ ನಡುನಡುವೆ ಇಂಥ ಗೋಡೆಗಳು: ಆಸ್ಪತ್ರೆಯ ಮಕ್ಕಳ ವಾರ್ಡು, ಬಸ್ ನಿಲ್ದಾಣದ ನೀರಿನ ತೊಟ್ಟಿ, ಈಗ ಈ ಸಸಿತೋಟ. ಗಿಡ ಕೊಂಡುಹೋದವರು ಪಟ್ಟಿ ಬಿಚ್ಚುವುದನ್ನು ಮರೆತು, ಕಸಿಯ ಕೆಳಗೆ ಬಂದ ಕಾಡು ಚಿಗುರನ್ನು ಮುದ್ದಾಗಿ ಬೆಳೆಸಿ, ಒಳ್ಳೆಯ ಕುಡಿಯನ್ನು ಕೊಲ್ಲುತ್ತಿದ್ದರು. ಓದಲು ಬಾರದವರಿಗೂ ಅದೆಲ್ಲ ಗೋಡೆಯೇ ಹೇಳಬೇಕು ಎಂಬುದು ಸಸಿತೋಟ ನಡೆಸುವ ಹೆಂಗಸರ ಸಂಘದ ಆಸೆ.

ಅವಳದೊಂದು ನೇಮವಿತ್ತು. ಕರಡು ಚಿತ್ರ ಮುಗಿದ ಕೂಡಲೇ ಯಾರಿಗಾದರೂ ತೋರಿಸಿ, 'ಏನು ಕಾಣುತ್ತೆ?' ಎಂದು ಕೇಳುವುದು. ವಿವರಿಸುವ ಹಾಗಿಲ್ಲ, ಸುಳಿವು ಕೊಡುವ ಹಾಗಿಲ್ಲ. ಅವರು ತಪ್ಪು ಹೇಳಿದರೆ ತಪ್ಪು ಅವರದ್ದಲ್ಲ, ಚಿತ್ರದ್ದು.

ಮೊದಲ ಕರಡನ್ನು ಮಣ್ಣಜ್ಜಿಯ ಮುಂದೆ ಹಿಡಿದಳು. ಕಸಿಯ ಕೆಳಗಿನ ಚಿಗುರು ಚಿವುಟಬೇಕೆಂಬ ಚಿತ್ರ.

"ಏನು ಕಾಣುತ್ತೆ ಅಜ್ಜಿ?"

ಮಣ್ಣಜ್ಜಿ ಕಾಗದವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಯಾರೋ ತೆಳ್ಳಗಿನೋನು... ಟೊಪ್ಪಿ ಹಾಕ್ಕೊಂಡು ಕಂಕುಳು ಕೆರ್ಕೊತಾ ಇದಾನೆ."

ಮಣೆಯ ಮೇಲಿದ್ದ ಕಸಿಗಾರ ಮುಖ ತಿರುಗಿಸಿದ. ಆದರೆ ಅವನ ಹೆಗಲು ಕುಲುಕುತ್ತಿತ್ತು.

"ನಗಬೇಡ್ರೀ!" ಎಂದಳು ಅವಳು. "ನೀವು ಹೇಳಿ, ನಿಮಗೇನು ಕಾಣುತ್ತೆ?"

"ನನಗೂ ಅದೇ. ಕೆರೆತ ಜಾಸ್ತಿ ಇರೋ ಹಾಗಿದೆ."

ಅವಳು ಮುನಿದುಕೊಳ್ಳಬೇಕೆಂದು ಹೊರಟು, ಕೊನೆಗೆ ತಾನೂ ನಕ್ಕಳು. ಆವತ್ತು ಮನೆಗೆ ಹೋದ ಮೇಲೂ ಆ ನಗು ಅವಳ ಜೊತೆಗಿತ್ತು.

ಮಾತು ಕೊಟ್ಟಂತೆ ಅವನು ಕಲಿಸಿದ. ಅವಳು ಹಾಳುಮಾಡಿದ ಸಸಿಗಳೆಷ್ಟೋ. ಕೊನೆಗೊಂದು ಸಸಿಯ ಸೀಳಿನಲ್ಲಿ ಅವಳು ಕೆತ್ತಿದ ಕುಡಿ ಹೇಗೋ ಕೂತಿತು. ಪಟ್ಟಿಯನ್ನು ಸುತ್ತುವಾಗ ಅವನ ಬೆರಳುಗಳು ಅವಳ ಬೆರಳುಗಳ ಮೇಲೆ ಒಂದು ಕ್ಷಣ ನಿಂತವು.

"ಬಿಗಿ... ಆದ್ರೆ ಕತ್ತು ಹಿಸುಕಬಾರದು," ಎಂದ.

'ಇವರು ಗಿಡದ ಬಗ್ಗೆಯೇ ಹೇಳ್ತಿದಾರೆ... ಗಿಡದ ಬಗ್ಗೆಯೇ!' ಎಂದು ಅವಳು ತನಗೆ ತಾನೇ ಗದರಿಕೊಂಡಳು.

ಗೋಡೆಯ ಕೊನೆಯ ಚೌಕದಲ್ಲಿ ಕಸಿ ಕಟ್ಟುವ ಕೈಗಳು ಬರಬೇಕಿತ್ತು. ಅದಕ್ಕಾಗಿ ಅವನ ಕೈಗಳನ್ನು ಕೂತು ಬರೆದುಕೊಂಡಳು. ಎಡ ಹೆಬ್ಬೆರಳಿನ ಮೇಲೆ ವಾರೆಯಾಗಿ ಒಂದು ಹಳೆಯ ಗಾಯದ ಗುರುತು.

"ಇದು?"

"ಸಣ್ಣವನಿದ್ದಾಗ. ಅಣ್ಣ ಕಸಿ ಕಲಿಸ್ತಿದ್ದ." ಅವನೇ ಮುಂದುವರಿಸಿದ. "ಈಗ ಮಾತಿಲ್ಲ. ಅಪ್ಪ ನೆಟ್ಟ, ಕುಡಿ ಕೊಡೋ ತಾಯಿಮರಗಳನ್ನ ಕಡಿದು ಜಾಗ ಮಾರೋಣ ಅಂದ ಅಣ್ಣ. ನಾನು ಆಗಲ್ಲ ಅಂದೆ. ಮನೆ ಎರಡಾಯ್ತು. ಊರೆಲ್ಲ ಅಂತಾರೆ, ತಮ್ಮನೇ ಮನೆ ಮುರಿದ ಅಂತ. ನಾನು ಯಾರಿಗೂ ಉತ್ತರ ಕೊಡೋಕೆ ಹೋಗಿಲ್ಲ. ನಿಮಗೆ ಯಾಕೆ ಹೇಳಿದ್ನೋ..."

ಅವಳು ಪೆನ್ಸಿಲ್ ನಿಲ್ಲಿಸಿದ್ದಳು. ಅವನು ಹೇಳುತ್ತಿದ್ದರೆ ತನ್ನ ಎದೆಯೊಳಗೆ ಏನೋ ಸೀಳಿ, ಅದರೊಳಗೆ ಇನ್ನೇನೋ ಮೆಲ್ಲಗೆ ಬಂದು ಕೂತಂತೆ ಅನ್ನಿಸಿತು.

* * *

ಅದೇ ವಾರ ಪತ್ರಿಕೆಯ ಸಂಪಾದಕಿ ಒಂದು ಲೇಖನ ಕಳಿಸಿದಳು. ಒಡೆದ ಮನೆಗಳ ಬಗ್ಗೆ, ಮತ್ತೆ ಕೂಡಿದವರ ಬಗ್ಗೆ. ಓದುತ್ತಿದ್ದಂತೆ ಚಿತ್ರ ತಾನಾಗಿ ಬಂತು. ಮೇಲಿನ ಅರ್ಧದಲ್ಲಿ ಚಾಕು ಹಿಡಿದು ಕೊಂಬೆ ಕತ್ತರಿಸುವ ಕೈ. ಕೆಳಗಿನ ಅರ್ಧದಲ್ಲಿ ಅದೇ ಕೈ, ಅದೇ ಗಾಯ; ಈಗ ಆ ಕೊಂಬೆಯನ್ನೇ ಬೇರೊಂದು ಕಾಂಡಕ್ಕೆ ಸೇರಿಸಿ ಕಟ್ಟುತ್ತಿದೆ. ಪಟ್ಟಿಯ ಮೇಲೆ ಒಂದು ಕೆಂಪು ಚಿಗುರು.

ಬರೆದು ಮುಗಿಸಿ ನೋಡಿದಳು. ಹೆಬ್ಬೆರಳಿನ ಗುರುತನ್ನೂ ಬಿಟ್ಟಿರಲಿಲ್ಲ. ನೇಮದಂತೆ ಯಾರಿಗಾದರೂ ತೋರಿಸಬೇಕಿತ್ತು. ತೋರಿಸಬೇಕಾದವನು ಒಬ್ಬನೇ. 'ನಾಳೆ ತೋರಿಸ್ತೀನಿ' ಎಂದುಕೊಂಡಳು. ಮರುದಿನ ಚೀಲದಿಂದ ತೆಗೆದು, ಮತ್ತೆ ಒಳಗಿಟ್ಟಳು. ಯಾಕೋ ಕೈ ಬರಲಿಲ್ಲ. ಚಿತ್ರ ಹಾಗೇ ಪತ್ರಿಕೆಗೆ ಹೋಯಿತು.

ಗೋಡೆಯ ಎತ್ತರದಲ್ಲಿ ಏಣಿಯ ಮೇಲಿದ್ದಾಗ ಸಂಪಾದಕಿಯ ಫೋನ್ ಬಂತು. ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಬಾಯಲ್ಲಿ ಕುಂಚ, ಕಿವಿಗೂ ಹೆಗಲಿಗೂ ನಡುವೆ ಫೋನು.

"ಪುಟದ ಕೆಳಗೆ ಜಾಹೀರಾತು ಬಂದಿದೆ. ಚಿತ್ರ ಕೆಳಗಡೆ ಸ್ವಲ್ಪ ಕತ್ತರಿಸಬೇಕಾಗುತ್ತೆ. ಪರವಾಗಿಲ್ವಾ?"

ಏಣಿ ಹಿಡಿದು ಕೆಳಗೆ ನಿಂತಿದ್ದ ಕಸಿಗಾರ ತಲೆಯೆತ್ತಿ, "ಕುಂಚ ನುಂಗಿಬಿಟ್ರೆ ಹೊಟ್ಟೆಯೊಳಗೆ ಚಿತ್ರ ಬರುತ್ತೆ ನೋಡಿ!" ಎಂದ.

ನಗುವಿನಲ್ಲಿ ಅವಳು, "ಹೂಂ ಹೂಂ, ಮಾಡ್ಕೊಳ್ಳಿ," ಎಂದುಬಿಟ್ಟಳು.

ಎಷ್ಟು ಕತ್ತರಿಸುತ್ತೀರಿ ಎಂದು ಕೇಳಲಿಲ್ಲ. ಹತ್ತು ವರ್ಷ ಈ ಕೆಲಸ ಮಾಡಿದವಳು... ಅದೊಂದನ್ನು ಕೇಳಲಿಲ್ಲ!

* * *

ಪತ್ರಿಕೆ ಬಂದ ದಿನ ಸಸಿತೋಟದಲ್ಲಿ ನಗು ಕೇಳಿಸಲಿಲ್ಲ.

ಅವಳು ಬಂದಾಗ ಹೆಂಗಸರು ತಲೆ ತಗ್ಗಿಸಿ ಮಣ್ಣು ತುಂಬುತ್ತಿದ್ದರು. ಕಸಿಗಾರ ಮಣೆಯ ಮೇಲೆ ಕೂತಿದ್ದ, ಕೈ ಸುಮ್ಮನಿತ್ತು. ಕಸಿಯ ಕಾಲದಲ್ಲಿ ಆ ಕೈ ಸುಮ್ಮನಿದ್ದದ್ದನ್ನು ಅವಳು ನೋಡಿಯೇ ಇರಲಿಲ್ಲ.

"ಕ್ಷೌರದಂಗಡಿಯಲ್ಲಿ ನೋಡಿದೆ," ಎಂದು ಪತ್ರಿಕೆಯನ್ನು ಅವಳ ಕಡೆ ಚಾಚಿದ.

ಪುಟದ ಮೇಲೆ ದಪ್ಪ ಅಕ್ಷರ: 'ಮನೆ ಒಡೆಯುವ ಕೈಗಳು'. ಅದರ ಕೆಳಗೆ ಚಾಕು, ಕೊಂಬೆ, ಗಾಯದ ಗುರುತಿನ ಹೆಬ್ಬೆರಳು. ಅಷ್ಟೇ! ಕಟ್ಟುವ ಕೈ ಇಲ್ಲ, ಚಿಗುರು ಇಲ್ಲ. ಚಿಗುರಿದ್ದ ಜಾಗದಲ್ಲಿ ಹಾಸಿಗೆಯ ಜಾಹೀರಾತು.

ಅವಳು ಪುಟ ತಿರುಗಿಸಿ ಹಿಂದೆಯೂ ಹುಡುಕಿದಳು. "ಇದು ಪೂರ್ತಿ ಚಿತ್ರ ಅಲ್ಲ... ಕೆಳಗಡೆ ಇನ್ನೂ ಇತ್ತು... ತಲೆಬರಹ ನಾನು ಕೊಡೋದಲ್ಲ, ಅವರು..."

"ಇರಬಹುದು." ಅವನು ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. "ಒಂದೇ ಮಾತು ಕೇಳ್ತೀನಿ. ಮಣ್ಣಜ್ಜಿಗೆ ತೋರಿಸ್ತೀರಿ, ದಾರಿಯಲ್ಲಿ ಹೋಗೋರಿಗೆ ತೋರಿಸ್ತೀರಿ, ಏನು ಕಾಣುತ್ತೆ ಅಂತ ಕೇಳ್ತೀರಿ. ನನ್ನ ಕೈಯನ್ನೇ ಬರೆದು ನನಗೆ ಯಾಕೆ ತೋರಿಸಲಿಲ್ಲ?"

ಅವಳು ಪತ್ರಿಕೆಯನ್ನು ಮಡಿಸಿದಳು. ಉತ್ತರ ಇತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಹೊತ್ತಿನಲ್ಲಿ ಹೇಳಿದರೆ ಅದು ನೆಪವಾಗಿ ಕೇಳುತ್ತಿತ್ತು.

"ಜನ ಅಂದಿದ್ದಕ್ಕೆ ನನಗೆ ನೋವಾಗಿಲ್ಲ," ಎಂದ ಅವನು. "ನಿಮಗೆ ಹೇಳ್ಕೊಂಡಿದ್ದಕ್ಕೆ ಆಯ್ತು."

ಎದ್ದು ಒಳಗಿನ ಸಾಲುಗಳ ನಡುವೆ ಹೋಗಿಬಿಟ್ಟ.

ಆಮೇಲೆ ಅವಳು ಸಂಪಾದಕಿಯೊಡನೆ ಜಗಳವಾಡಿದಳು, ಬಾಡಿಗೆ ಮಹಡಿಯ ಕೋಣೆಯಲ್ಲಿ ಅತ್ತಳು, ಗೋಡೆ ಬಿಟ್ಟು ಹೋಗಿಬಿಡಲೇ ಎಂದು ಯೋಚಿಸಿದಳು. 'ಹೋದ್ರೆ ಅವರು ಅಂದ್ಕೊಂಡಿದ್ದೇ ನಿಜ ಆಗುತ್ತೆ.' ಮರುಬೆಳಗ್ಗೆ ಮತ್ತೆ ಏಣಿ ಹತ್ತಿದಳು. ಏಣಿಯನ್ನು ಈಗ ಮಣ್ಣಜ್ಜಿ ಹಿಡಿದಿದ್ದಳು.

"ನನಗೇನು ಸಿಟ್ಟಿಲ್ಲ ಬಣ್ಣದಕ್ಕ," ಎಂದಳು ಅಜ್ಜಿ ಕೆಳಗಿನಿಂದ. "ಆದ್ರೆ ಬಿದ್ರೆ ನನ್ನ ಮೇಲೆ ಬೀಳಬೇಡ. ನಾನು ಹಳೇ ಸರಕು."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಅಜ್ಜಿ... ಅವರು ಏನಾದ್ರೂ ಅಂದ್ರಾ?"

"ಅವನು ಅನ್ನೋನಾ? ಸಿಟ್ಟು ಬಂದ್ರೆ ಗಿಡಕ್ಕೆ ನೀರು ಹಾಕ್ತಾನೆ. ಈ ವಾರ ತೋಟವೆಲ್ಲ ಕೆಸರು!"

ಚೌಕಗಳೆಲ್ಲ ಮುಗಿದವು, ಕೊನೆಯದೊಂದು ಬಿಟ್ಟು. ಅಲ್ಲಿ ಇದ್ದಿಲಿನಲ್ಲಿ ಬರೆದಿಟ್ಟಿದ್ದ ಅವನ ಕೈಗಳನ್ನು ಅವಳು ಒದ್ದೆ ಬಟ್ಟೆಯಿಂದ ಒರೆಸಿದಳು. ಎರಡು ಕಾಂಡ, ಒಂದು ಪಟ್ಟಿ, ಇಷ್ಟೇ ಉಳಿಸಿದಳು. ಕಟ್ಟುವವರೇ ಇಲ್ಲದ ಕಸಿ.

* * *

ಅಂದು ಮಧ್ಯಾಹ್ನ ಗೇಟಿನ ಮುಂದೆ ಒಂದು ಹಳೆಯ ಬೈಕು ನಿಂತಿತು. ಇಳಿದವನನ್ನು ನೋಡಿ ಅವಳ ಕುಂಚ ಗೋಡೆಯ ಮೇಲೆಯೇ ನಿಂತಿತು. ಅದೇ ಎತ್ತರ, ಅದೇ ಹುಬ್ಬು, ಸ್ವಲ್ಪ ನರೆತ ತಲೆ. ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ. ಹೇಳುವುದೇ ಬೇಡ, ಇವನೇ ಅಣ್ಣ!

'ಮುಗೀತು... ನನ್ನ ಚಿತ್ರದಿಂದ ಇನ್ನೂ ಏನೇನು ಆಗಬೇಕೋ!' ಕುಂಚ ಬಿಸುಟು ಅವನ ಹಿಂದೆಯೇ ಒಳಗೆ ಓಡಿದಳು.

ಅಣ್ಣತಮ್ಮ ಎದುರುಬದುರು ನಿಂತಿದ್ದರು. ಹೆಂಗಸರ ಕೈಯಲ್ಲಿ ಮಣ್ಣು ಹಾಗೇ ನಿಂತಿತ್ತು.

"ಇದು ನಿಂದೇ ಕೈ ಅಲ್ವಾ?" ಅಣ್ಣ ಪತ್ರಿಕೆ ಬಿಡಿಸಿದ.

ತಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡ.

"ನಾನು ಬರೆದಿದ್ದು!" ಅವಳು ಏದುಸಿರಿನಲ್ಲಿ ನಡುವೆ ಬಂದಳು. "ತಪ್ಪು ನಂದು. ಇವರಿಗೆ ಗೊತ್ತೇ ಇರಲಿಲ್ಲ. ಬೈಯೋದಾದ್ರೆ ನನ್ನ ಬೈರಿ."

ಅಣ್ಣ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ನಾನ್ಯಾಕಮ್ಮ ನಿನ್ನ ಬೈಲಿ? ಈ ಗಾಯ ಇದೆಯಲ್ಲ... ಇದನ್ನ ಕಟ್ಟಿದ್ದು ನಾನು. ಬಟ್ಟೆ ಸಿಗಲಿಲ್ಲ ಅಂತ ಕಸಿ ಪಟ್ಟೀನೇ ಸುತ್ತಿದ್ದೆ. ಬೆರಳಲ್ಲೂ ಮಾವು ಬಿಡುತ್ತೆ ಅಂತ ಹೆದರಿಸಿದ್ದೆ. ರಾತ್ರಿಯೆಲ್ಲ ಅತ್ತಿತ್ತು ಇದು!" ಅವನು ಪತ್ರಿಕೆಯನ್ನು ಮತ್ತೆ ಸುರುಳಿ ಸುತ್ತಿದ. ಕೆಮ್ಮಿದ. "ಪುಟ ತಿರುಗಿಸೋಣ ಅಂದ್ರೆ... ಕೈ ಬರಲಿಲ್ಲ. ಅದಕ್ಕೆ ಬಂದೆ."

ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ತಮ್ಮ ಮಣೆಯನ್ನು ಕಾಲಿನಿಂದ ಅಣ್ಣನ ಕಡೆ ಸರಿಸಿದ. ಅಣ್ಣ ಕೂತ. ಸುತ್ತ ನೋಡಿ, "ಇಷ್ಟು ನೀರು ಹಾಕ್ತಾರೇನೋ? ಬೇರು ಕೊಳೆಯುತ್ತೆ," ಎಂದ.

"ನನಗೆ ಗೊತ್ತು."

"ಗೊತ್ತಿರೋ ಹಾಗೆ ಕಾಣ್ತಿಲ್ಲ."

ಮಣ್ಣಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು, "ಸದ್ಯ! ಜಗಳ ಶುರುವಾಯ್ತು. ಇನ್ನು ಭಯವಿಲ್ಲ," ಎಂದಳು.

ಅವಳು ಅಲ್ಲಿ ನಿಲ್ಲಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿದಳು. ಎದೆಯ ಮೇಲಿನ ಚಪ್ಪಡಿ ಸರಿದು ಉಸಿರು ಪೂರ್ತಿ ಒಳಗೆ ಹೋಗುತ್ತಿತ್ತು. 'ನನ್ನ ಮೇಲೆ ಸಿಟ್ಟಿದ್ರೂ ಇರಲಿ... ಅವರಿಗೆ ಅಣ್ಣ ಸಿಕ್ಕಿದ. ಸಾಕು.'

ಸಾಕು ಎಂದದ್ದು ಸುಳ್ಳೆಂದು ಅವಳಿಗೇ ಗೊತ್ತಿತ್ತು.

* * *

ಬಿಸಿಲು ಇಳಿಯುವ ಹೊತ್ತಿಗೆ ಬೈಕಿನ ಸದ್ದು ದೂರವಾಯಿತು. ಹಿಂದೆ ಹೆಜ್ಜೆ ಕೇಳಿಸಿತು. ತಿರುಗುವ ಧೈರ್ಯ ಬರಲಿಲ್ಲ.

"ಕೈ ಎಲ್ಲಿ?" ಅವನು ಗೋಡೆಯ ಕೊನೆಯ ಚೌಕ ನೋಡುತ್ತಿದ್ದ.

"ಒರೆಸಿಬಿಟ್ಟೆ. ಕೇಳದೆ ತಗೊಂಡಿದ್ದೆ... ಇನ್ನು ಕೇಳದೆ ಬರೆಯಲ್ಲ."

"ನಾನು ಕೇಳಿದ್ದಕ್ಕೆ ನೀವು ಉತ್ತರ ಕೊಡಲಿಲ್ಲ."

ಅವಳು ಕುಂಚವನ್ನು ನೀರಿಗೆ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

"ತೋರಿಸಿದ್ರೆ ನಾನು ಕೇಳಬೇಕಾಗಿತ್ತು... ಏನು ಕಾಣುತ್ತೆ ಅಂತ. ನಿಮಗೆ ಕಂಡುಬಿಡುತ್ತೆ ಅಂತ ಭಯವಾಯ್ತು."

"ಏನು?"

"ಬೇರೆಯವರ ಕೈಯನ್ನ ಯಾರೂ ಅಷ್ಟು ಪ್ರೀತಿಯಿಂದ ಬರೆಯಲ್ಲ," ಎಂದಳು. ಹೇಳಿದ ಮೇಲೆ ಗೋಡೆಯ ಕಡೆಗೇ ಮಾತಾಡಿದಳು. "ಪತ್ರಿಕೆಯವರು ಕತ್ತರಿಸಿದ್ದು ಆಮೇಲೆ. ಮೊದಲು ಮುಚ್ಚಿಟ್ಟೋಳು ನಾನು."

ಹಿಂದೆ ಹೆಜ್ಜೆಗಳು ಒಳಗೆ ಹೋದವು. 'ಹೋದ್ರು... ಹೋಗೇಬಿಟ್ರು!' ಅವಳ ಕಣ್ಣು ತುಂಬಿ ಬಣ್ಣಗಳೆಲ್ಲ ಒಂದರೊಳಗೊಂದು ಕರಗಿದವು.

ಹೆಜ್ಜೆಗಳು ಮರಳಿ ಬಂದವು. ಅವಳ ಮುಂದೆ, ಏಣಿಯ ಕೆಳಗಿನ ಮೆಟ್ಟಿಲ ಮೇಲೆ, ಒಂದು ಕಪ್ಪು ಚೀಲದ ಸಸಿ ಬಂದು ಕೂತಿತು. ಪಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಷ್ಟು ಕೆಟ್ಟದಾಗಿ ಕಟ್ಟಲು ಈ ತೋಟದಲ್ಲಿ ಒಬ್ಬಳಿಗೆ ಮಾತ್ರ ಬರುತ್ತಿತ್ತು. ಮೇಲಿನ ಟೊಪ್ಪಿಯನ್ನು ಆಗಲೇ ತೆಗೆದಾಗಿತ್ತು.

"ಏನು ಕಾಣುತ್ತೆ?" ಎಂದು ಅವನು ಕೇಳಿದ.

ಅವಳು ಕಣ್ಣೊರೆಸಿಕೊಂಡು ಬಗ್ಗಿದಳು. ಕುಡಿಯ ತುದಿಯಲ್ಲಿ, ಉಗುರಿನಷ್ಟು, ತಾಮ್ರದ ಬಣ್ಣ.

"ಚಿಗುರು..." ಮುಟ್ಟಲು ಹೋಗಿ ಬೆರಳು ಹಿಂತೆಗೆದಳು. "ಚಿಗುರಿದೆ! ಇದಕ್ಕೆ... ನೀವು ನೀರು ಹಾಕ್ತಿದ್ರಾ? ಇಷ್ಟು ಸಿಟ್ಟಿದ್ದೂ?"

"ಸಿಟ್ಟು ನಿಮ್ಮ ಮೇಲೆ. ಗಿಡ ಏನು ಮಾಡಿತ್ತು?" ಚೀಲದ ಮಣ್ಣನ್ನು ಬೆರಳಿನಿಂದ ಒತ್ತುತ್ತಾ ಸೇರಿಸಿದ, "ದಿನಾ ಬೆಳಗ್ಗೆ ಮೊದಲು ಇದನ್ನೇ ನೋಡ್ತಿದ್ದೆ. ಇದು ಕೂಡದೆ ಒಣಗಿದ್ರೆ... ನಿಮ್ಮ ಹತ್ರ ಬರೋಕೇ ಆಗಲ್ಲ ಅನ್ನೋ ಹಾಗಾಗಿತ್ತು ನನಗೆ."

ಅವಳು ಅಳುತ್ತಲೇ ನಕ್ಕಳು. ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಹೆಗಲು ತಾನಾಗಿ ಇಳಿಯಿತು.

"ಹಾಗಾದ್ರೆ ನನ್ನ ಸಾಲ ತೀರಿತು," ಎಂದಳು. "ಒಂದು ಗಿಡ ಹಾಳು ಮಾಡಿದ್ದೆ, ಒಂದು ಗಿಡ ಕೊಟ್ಟೆ."

"ಎಲ್ಲಿ ತೀರಿತು?" ಅವನು ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ. ಎಡ ಹೆಬ್ಬೆರಳಿನ ಗುರುತು ಸಂಜೆ ಬಿಸಿಲಿನಲ್ಲಿ ಬೆಳ್ಳಗೆ ಕಂಡಿತು. "ಕೆಳಗಿನ ಅರ್ಧ ಬಾಕಿ ಇದೆ. ಗೋಡೆ ಮೇಲೆ ಬರೆದುಕೊಡಿ. ಯಾರೂ ಕತ್ತರಿಸೋಕೆ ಆಗದ ಹಾಗೆ."

ಅವಳು ಇದ್ದಿಲು ಎತ್ತಿಕೊಂಡಳು. ಆ ಕೈಗಳನ್ನು ನೋಡಿದಳು. ಬರೆಯಲು ಹೊರಟವಳು, ಇದ್ದಿಲಿನ ಕಪ್ಪು ಬೆರಳುಗಳಿಂದ ಅವುಗಳಲ್ಲಿ ಒಂದನ್ನು ಹಿಡಿದುಕೊಂಡಳು.

"ಒಂದು ಕೈ ಹಿಡ್ಕೊಂಡ್ರೆ ಬರೆಯೋದು ಹೇಗೆ?" ಎಂದ ಅವನು.

"ಇವತ್ತು ಬರೆಯಲ್ಲ."

"ಮತ್ತೆ ಸಾಲ?"

"ಇರಲಿ ಬಿಡಿ," ಎಂದಳು ಅವಳು. "ತೀರಿಸಿಬಿಟ್ರೆ ನಾಳೆ ಬರೋಕೆ ನೆಪ ಇರಲ್ಲ."